ಒಂದು ರಾತ್ರಿಗೆ ಎಷ್ಟು ಸಾಮಾನು?

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಸೈಕಲ್ ಹತ್ತುವುದು, ನಲವತ್ತೈವತ್ತು ಕಿಲೋಮೀಟರ್ ತುಳಿದು ಯಾವುದಾದರೂ ತೋಟದಲ್ಲಿ ಟೆಂಟ್ ಹಾಕಿ ಮಲಗುವುದು, ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿರುವುದು. ಇದಕ್ಕೆ ರಜಾ ಅರ್ಜಿ ಬೇಡ, ರೈಲು ಟಿಕೆಟ್ ಬೇಡ. ಕ್ಯಾಲಿಫೋರ್ನಿಯಾದಲ್ಲಿ ರಿವೆಂಡೆಲ್ ಎಂಬ ಸೈಕಲ್ ಕಂಪನಿ ಕಟ್ಟಿದ ಗ್ರಾಂಟ್ ಪೀಟರ್ಸನ್ ಇಂಥ ಸವಾರಿಗೆ ‘ಎಸ್24ಓ’ ಎಂಬ ಹೆಸರು ಕೊಟ್ಟರು. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಯುವ, ನಡುವೆ ಒಂದೇ ರಾತ್ರಿ ಇರುವ ಸವಾರಿ. ಬೆಂಗಳೂರಿನವರಿಗೆ ಮಾಗಡಿ, ಕನಕಪುರ, ದೊಡ್ಡಬಳ್ಳಾಪುರದ ದಿಕ್ಕು, ಮೈಸೂರಿನವರಿಗೆ ಮೇಲುಕೋಟೆ, ತಲಕಾಡಿನ ದಿಕ್ಕು, ಹುಬ್ಬಳ್ಳಿ–ಧಾರವಾಡದವರಿಗೆ ಕಲಘಟಗಿಯ ದಿಕ್ಕು ಇದಕ್ಕೆ ಹೇಳಿ ಮಾಡಿಸಿದಂತಿವೆ.

ದೂರಕ್ಕೆ ಯಾರೂ ಹೆದರುವುದಿಲ್ಲ. ಹೆದರುವುದು ಮಂಚದ ಮೇಲೆ ಗುಡ್ಡೆ ಹಾಕಿದ ಸಾಮಾನಿಗೆ. ಶುಕ್ರವಾರ ರಾತ್ರಿ ಹನ್ನೊಂದರವರೆಗೆ ತುಂಬಿ, ತೆಗೆದು, ಮತ್ತೆ ತುಂಬಿ, ಕೊನೆಗೆ ‘ಮುಂದಿನ ವಾರ ನೋಡೋಣ’ ಎಂದು ದೀಪ ಆರಿಸಿದವರು ಬಹಳ ಮಂದಿ.

ಇವರೆಲ್ಲ ಕೇಳುವ ಮೊದಲ ಪ್ರಶ್ನೆ ತೂಕದ್ದು. ಎಷ್ಟು ಕೆ.ಜಿ. ಆದರೆ ಜಾಸ್ತಿ? ಸುಮ್ಮನೆ ಒಂದು ಲೆಕ್ಕ ಹಾಕಿ ನೋಡೋಣ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಏರಬೇಕಾದದ್ದು ಸುಮಾರು 500 ಮೀಟರ್. 10 ಕೆ.ಜಿ. ಸಾಮಾನನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ 12 ಕಿಲೋಕ್ಯಾಲರಿಯಷ್ಟು. ಸ್ನಾಯುಗಳು ತಾವು ಸುಡುವ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಪೆಡಲಿಗೆ ಮುಟ್ಟಿಸುತ್ತವೆ, ಉಳಿದದ್ದೆಲ್ಲ ಬಿಸಿಯಾಗಿ ಬೆವರಿನ ಪಾಲು. ಹಾಗಾಗಿ ದೇಹಕ್ಕೆ ಬೀಳುವ ಖರ್ಚು 50 ಕಿಲೋಕ್ಯಾಲರಿಯ ಆಸುಪಾಸು. ಅಂದರೆ ಒಂದು ಇಡ್ಲಿ. ಸಮಯದ ಲೆಕ್ಕವೂ ಭಯಪಡುವಂಥದ್ದಲ್ಲ. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ಇದ್ದರೆ, ಅದರ ಮೇಲೆ 10 ಕೆ.ಜಿ. ಹೇರಿ ಅದೇ ದಮ್ಮಿನಲ್ಲಿ ತುಳಿದಾಗ ಒಂದು ಗಂಟೆಯ ಏರು ಒಂದು ಗಂಟೆ ಏಳು ನಿಮಿಷವಾಗುತ್ತದೆ. ಒಂದಿಷ್ಟು ಗ್ರಾಂ ಉಳಿಸಲು ಟೈಟಾನಿಯಂ ಚಮಚಕ್ಕೆ ಸಾವಿರಾರು ರೂಪಾಯಿ ಕೊಡುವವರಿಗೆ ಈ ಲೆಕ್ಕ ಹಿಡಿಸಲಿಕ್ಕಿಲ್ಲ.

ಹಾಗೆಂದು ಮಂಚದ ಮೇಲಿನ ಗುಡ್ಡೆಯನ್ನೆಲ್ಲ ಹೇರಿಕೊಂಡು ಹೋಗಿ ಎನ್ನುತ್ತಿಲ್ಲ. ಕಾಟ ಕೊಡುವುದು ತೂಕಕ್ಕಿಂತ ಹೆಚ್ಚಾಗಿ ಸಾಮಾನಿನ ಸಂಖ್ಯೆ, ಅದು ಕೂತಿರುವ ಜಾಗ, ಕತ್ತಲಲ್ಲಿ ಅದು ಕೈಗೆ ಸಿಗದೆ ಆಡಿಸುವ ಆಟ. ಆದ್ದರಿಂದ ಪಟ್ಟಿ ಹಿಡಿದು ತುಂಬುವ ಬದಲು ಗಡಿಯಾರ ಹಿಡಿದು ತುಂಬಬೇಕು ಎನ್ನುವುದು ನನ್ನ ವಾದ. ಸಂಜೆ ಐದರಿಂದ ಬೆಳಿಗ್ಗೆ ಏಳರವರೆಗೆ ಯಾವ ಹೊತ್ತಿಗೆ ಯಾವುದು ಬೇಕು? ಆ ಹದಿನಾಲ್ಕು ಗಂಟೆಯಲ್ಲಿ ಯಾವ ಹೊತ್ತಿಗೂ ಬೇಕಾಗದ್ದು ಮನೆಯಲ್ಲೇ ಇರಲಿ.

ಎಷ್ಟು ಕಡಿಮೆಯಲ್ಲಿ ಆಗುತ್ತದೆ ಎನ್ನುವುದಕ್ಕೆ ಥಾಮಸ್ ಸ್ಟೀವನ್ಸ್‌ಗಿಂತ ದೊಡ್ಡ ಸಾಕ್ಷಿ ಇಲ್ಲ. ಎತ್ತರದ ಮುಂಚಕ್ರದ ಹಳೇ ಕಾಲದ ಸೈಕಲ್ ಏರಿ 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, 1886ರ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮಾ ತಲುಪಿ, ಸೈಕಲ್ಲಿನಲ್ಲಿ ಲೋಕ ಸುತ್ತಿದ ಮೊದಲಿಗ ಎನಿಸಿಕೊಂಡ. ನಡುವೆ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿ ನಮ್ಮ ದೇಶವನ್ನೂ ದಾಟಿದ. ಹೊರಟಾಗ ಹ್ಯಾಂಡಲ್ಲಿನ ಚೀಲದಲ್ಲಿ ಇದ್ದದ್ದು ಕಾಲುಚೀಲ, ಒಂದು ಬದಲಿ ಅಂಗಿ, ಟೆಂಟೂ ಹಾಸಿಗೆಯೂ ಆಗುತ್ತಿದ್ದ ಒಂದು ಮಳೆಕೋಟು, ಮತ್ತು ಒಂದು ಪಿಸ್ತೂಲು. ಪಿಸ್ತೂಲು ಬಿಟ್ಟು ಉಳಿದದ್ದು ನಮಗೂ ಬೇಕು. ಅವನ ಚೀಲ ಅಷ್ಟು ಹಗುರವಾಗಿದ್ದುದು ದಾರಿಯ ಜನ ಅನ್ನ, ನೀರು, ಮಲಗಲು ಜಾಗ ಕೊಡುತ್ತಾರೆಂಬ ಭರವಸೆಯಿಂದ. ನಮ್ಮ ದಾರಿಗಳಲ್ಲಿ ಆ ಭರವಸೆ ಈಗಲೂ ಸುಳ್ಳಾಗುವುದಿಲ್ಲ.

ಸೈಕಲ್ಲಿನ ಮೇಲೆ ಟೆಂಟ್ ಒಯ್ಯುವುದನ್ನು ಒಂದು ಕ್ರಮಕ್ಕೆ ತಂದವನು ಮಾತ್ರ ಲಂಡನ್ನಿನ ಒಬ್ಬ ದರ್ಜಿ. ಥಾಮಸ್ ಹಿರಾಮ್ ಹೋಲ್ಡಿಂಗ್ ಎಂದು ಹೆಸರು. ಐರ್ಲೆಂಡಿನ ಕಾನೆಮಾರಾದಲ್ಲಿ ಸೈಕಲ್ಲು, ಟೆಂಟು ಸಮೇತ ಅಲೆದು 1898ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. 1901ರಲ್ಲಿ ಸೈಕಲ್ ಕ್ಯಾಂಪರುಗಳ ಸಂಘ ಕಟ್ಟಿದ. ಬ್ರಿಟನ್ನಿನ ಇಂದಿನ ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ಬಿನ ಮೂಲ ಈ ಸಂಘವೇ. ಮನೆಯಷ್ಟು ದೊಡ್ಡ ಗಾಡಿ ಎಳೆದುಕೊಂಡು ಹೋಗುವವರ ಕ್ಲಬ್ಬು ಸೈಕಲ್ಲಿನ ಕ್ಯಾರಿಯರಿನ ಮೇಲೆ ಹುಟ್ಟಿದ್ದು!

ಗಡಿಯಾರ ಹಿಡಿಯುವ ಮೊದಲು ಅಡುಗೆಮನೆಯನ್ನು ಇತ್ಯರ್ಥ ಮಾಡಿಬಿಡಬೇಕು. ಸ್ಟೌ, ಗ್ಯಾಸ್ ಡಬ್ಬಿ, ಪಾತ್ರೆ, ಲೈಟರ್, ಉಪ್ಪಿನ ಪೊಟ್ಟಣ, ಎಣ್ಣೆ ಶೀಶೆ, ತಿಕ್ಕುವ ನಾರು ಎಲ್ಲ ಸೇರಿ ಅರ್ಧ ಚೀಲ ತಿನ್ನುತ್ತವೆ. ಈ ಅಭ್ಯಾಸ ಬಂದದ್ದು ನೂರು ಕಿಲೋಮೀಟರ್ ಹೋದರೂ ಮನುಷ್ಯರ ಮುಖ ಕಾಣದ ದೇಶಗಳಿಂದ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟುವಷ್ಟರಲ್ಲಿ ಎಷ್ಟು ಹೋಟೆಲು ಸಿಗುತ್ತವೆ ಎಂದು ಎಣಿಸಿ ನೋಡಿ. ರಾತ್ರಿಯದ್ದೊಂದು ಊಟ ಕಟ್ಟಿಕೊಂಡರೆ ಸಾಕು, ಬೆಳಗಿನ ತಿಂಡಿ ದಾರಿಯಲ್ಲಿ ಹಬೆಯಾಡುತ್ತ ಕಾಯುತ್ತಿರುತ್ತದೆ. ಬುತ್ತಿಗೆ ಪುಳಿಯೋಗರೆಯಷ್ಟು ನಂಬಿಗಸ್ತ ಇನ್ನೊಂದಿಲ್ಲ. ಹುಣಸೆಹುಳಿ, ಎಣ್ಣೆ ಎರಡೂ ಕೆಡದಂತೆ ಕಾಯುತ್ತವೆ. ಚಪಾತಿ–ಚಟ್ನಿಪುಡಿ, ಜೋಳದ ರೊಟ್ಟಿ–ಶೇಂಗಾ ಹಿಂಡಿಯೂ ಆದೀತು. ಕಾಯಿತುರಿ ಹಾಕಿದ ಚಿತ್ರಾನ್ನ ಮಾತ್ರ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ಚೀಲದೊಳಗೆ ಬೆಂದು ರಾತ್ರಿ ಎಂಟಕ್ಕೆ ಹಳಸಿರುತ್ತದೆ. ಎದ್ದ ಕೂಡಲೇ ಕಾಫಿ ಬೇಕೇ ಬೇಕು ಎನ್ನುವವರ ಜತೆ ನಾನು ವಾದಕ್ಕಿಳಿಯುವುದಿಲ್ಲ. ಒಂದು ಸಣ್ಣ ಸ್ಟೌ ಅವರ ಹಕ್ಕು. ಆದರೆ ತೋಟದ ಮನೆಯಾಕೆ ಬೆಳಿಗ್ಗೆ ಆರಕ್ಕೇ ಲೋಟ ಹಿಡಿದು ಬಂದು ‘ಟೀ ತಗಳಿ ಸಾರ್’ ಎನ್ನುವ ಸಂಭವ ಹೆಚ್ಚು ಎಂಬುದು ನೆನಪಿರಲಿ.

ಇನ್ನು ಕಟ್ಟುವ ವಿಚಾರ. ಇದರಲ್ಲಿ ನಮಗೆ ಹೊರಗಿನವರ ಪಾಠ ಬೇಕಿಲ್ಲ. ಹಾಲಿನವರು ಸೈಕಲ್ಲಿನಲ್ಲಿ ಬರುತ್ತಿದ್ದ ಕಾಲ ಬಹಳ ಹಿಂದಿನದ್ದೇನಲ್ಲ. ಕ್ಯಾನುಗಳು ಕ್ಯಾರಿಯರಿನ ಎರಡೂ ಪಕ್ಕಕ್ಕೆ, ಹಿಂಚಕ್ರದ ಅಚ್ಚಿನ ಮಟ್ಟಕ್ಕೆ ಇಳಿಬಿಟ್ಟಿರುತ್ತಿದ್ದವು. ಎಡಕ್ಕೂ ಬಲಕ್ಕೂ ಸಮ ತೂಕ, ಎಲ್ಲ ಭಾರವೂ ಕೆಳಗೆ. ಹಾಲು ತುಳುಕಿದರೆ ಸೈಕಲ್ಲೂ ಓಲಾಡುತ್ತದೆಂದು ಕ್ಯಾನಿನ ಬಾಯಿಗೆ ಹುಲ್ಲು ತುರುಕಿ ಬಿಗಿ ಮಾಡುತ್ತಿದ್ದರು. ಇಂದು ಸಾವಿರಾರು ರೂಪಾಯಿಗೆ ಮಾರುವ ಪ್ಯಾನಿಯರ್ ಚೀಲ ಮಾಡುವುದೂ ಇದನ್ನೇ. ಭಾರ ತಗ್ಗಿನಲ್ಲಿದ್ದರೆ ತಿರುವಿನಲ್ಲಿ ಸೈಕಲ್ ಮಾತು ಕೇಳುತ್ತದೆ. ಅದೇ ಭಾರವನ್ನು ಕ್ಯಾರಿಯರಿನ ಮೇಲೆ ಗೋಪುರ ಕಟ್ಟಿದರೆ, ಎದ್ದು ನಿಂತು ತುಳಿದಾಗಲೆಲ್ಲ ಹಿಂಭಾಗ ಬಾಲ ಅಲ್ಲಾಡಿಸುತ್ತದೆ. ಬೆನ್ನಿಗೆ ಹಾಕಿಕೊಳ್ಳುವ ಚೀಲವಂತೂ ಬೇಡವೇ ಬೇಡ. ತೂಕ ಪೂರ್ತಿ ಸೀಟಿನ ಮೇಲೆ, ಅಂದರೆ ನಿಮ್ಮ ಕುಂಡೆಯ ಮೇಲೆ ಬೀಳುತ್ತದೆ. ಇಪ್ಪತ್ತನೇ ಕಿಲೋಮೀಟರಿಗೆ ಅಂಗಿ ಬೆನ್ನಿಗೆ ಅಂಟಿರುತ್ತದೆ.

ಪ್ಯಾನಿಯರ್ ಜೋಡಿ ಕೊಳ್ಳುವುದಾದರೆ ದೊಡ್ಡದು ಬೇಡ. ಅಂಗಡಿಯಲ್ಲಿ ಎರಡೂ ಸೇರಿ 40 ಲೀಟರಿನದ್ದನ್ನು ಮುಂದೆ ಮಾಡುತ್ತಾರೆ. ಒಂದು ರಾತ್ರಿಗೆ ಅದರ ಅರ್ಧ ಧಾರಾಳ. ಚೀಲ ದೊಡ್ಡದಿದ್ದರೆ ‘ಇದೂ ಇರಲಿ’ ಎನ್ನುವ ಬುದ್ಧಿ ತಾನಾಗಿ ಬರುತ್ತದೆ. ಚೀಲ ಸಿಕ್ಕಿಸಿದ ಮೇಲೆ ಪೆಡಲನ್ನು ಹಿಮ್ಮುಖವಾಗಿ ಒಂದು ಸುತ್ತು ತಿರುಗಿಸಿ, ಹಿಮ್ಮಡಿ ಚೀಲಕ್ಕೆ ತಾಗುತ್ತದೆಯೇ ನೋಡಿಕೊಳ್ಳಿ. ತಾಗಿದರೆ ಚೀಲ ಹಿಂದಕ್ಕೆ ಸರಿಯಬೇಕು. ಈಗಿನ ಎಷ್ಟೋ ಸೈಕಲ್ಲುಗಳಲ್ಲಿ ಕ್ಯಾರಿಯರ್ ಕೂರಿಸಲು ತೂತುಗಳೇ ಇರುವುದಿಲ್ಲ. ಅಂಥವರಿಗೆ ಸೀಟಿನ ಹಿಂದೆ ಚಾಚುವ ಉದ್ದ ಚೀಲ, ಹ್ಯಾಂಡಲ್ಲಿಗೆ ಅಡ್ಡ ಕಟ್ಟುವ ಸುರುಳಿ, ಫ್ರೇಮಿನ ತ್ರಿಕೋನದೊಳಗೆ ಕೂರುವ ಚಪ್ಪಟೆ ಚೀಲ ಇವೆ. ಹ್ಯಾಂಡಲ್ಲಿಗೆ ಹಗುರವಾದ ಹೊದಿಕೆ, ಬಟ್ಟೆ ಸಾಕು. ಅಲ್ಲಿ ತೂಕ ಹಾಕಿದರೆ ಗುಂಡಿ ತಪ್ಪಿಸಲು ತಿರುಗಿಸಿದ ಹ್ಯಾಂಡಲ್ ಒಂದು ಗಳಿಗೆ ತಡವಾಗಿ ತಿರುಗುತ್ತದೆ. ಟೂಲು, ನೀರಿನಂಥ ಭಾರದ್ದು ಫ್ರೇಮಿನ ಚೀಲಕ್ಕೆ. ಯಾವ ಚೀಲವಾದರೂ ಒಳಗೊಂದು ದಪ್ಪನೆಯ ಪ್ಲಾಸ್ಟಿಕ್ ಕವರ್ ಹಾಕಿ ಅದರೊಳಗೆ ತುಂಬಿ. ‘ವಾಟರ್‌ಪ್ರೂಫ್’ ಎಂಬ ಚೀಟಿಗಿಂತ ಅದನ್ನು ನಾನು ಹೆಚ್ಚು ನಂಬುತ್ತೇನೆ.

ಕಟ್ಟಲು ಎರಡು ತುದಿಗೆ ಕೊಕ್ಕೆಯಿರುವ ಬಣ್ಣದ ರಬ್ಬರ್ ಹಗ್ಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದರ ಕೊಕ್ಕೆ ಒಂದು ಹಂಪಿನಲ್ಲಿ ಕಳಚಿ ಕಡ್ಡಿಗಳಿಗೆ ಸಿಕ್ಕಿತೋ, ಚಕ್ರ ಅಲ್ಲೇ ನಿಲ್ಲುತ್ತದೆ. ಅದಕ್ಕಿಂತ ಪಂಕ್ಚರ್ ಅಂಗಡಿಯಲ್ಲಿ ಬಿಟ್ಟಿ ಸಿಗುವ ಹಳೇ ಟ್ಯೂಬು ಮೇಲು. ವಾಲ್ವ್ ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ, ಎರಡು ಬೆರಳಗಲದ ಪಟ್ಟಿ ಮಾಡಿಕೊಳ್ಳಿ. ಒಳಗಿನ ಬಿಳಿ ಪುಡಿಯನ್ನು ಒರೆಸಿಬಿಡಿ, ಇಲ್ಲದಿದ್ದರೆ ಗಂಟು ಜಾರುತ್ತದೆ. ಒಂದು ತುದಿಯನ್ನು ಕ್ಯಾರಿಯರಿನ ಸರಳಿಗೆ ಬಿಗಿದು, ಟೆಂಟಿನ ಸುರುಳಿಯ ಮೇಲಿಂದ ಎಳೆದು, ಕೆಳಗಿಂದ ತಂದು, ಪ್ರತಿ ಸುತ್ತಿಗೂ ಮೈಭಾರ ಬಿಟ್ಟು ಜಗ್ಗಬೇಕು. ರಬ್ಬರಿನ ಮೇಲೆ ರಬ್ಬರ್ ಕೂತಾಗ ಕಚ್ಚಿಕೊಳ್ಳುತ್ತದೆ. ಕೊನೆಯ ತುದಿಯನ್ನು ಹಿಂದಿನ ಸುತ್ತಿನಡಿ ತೂರಿಸಿದರೆ ಗಂಟೂ ಬೇಡ. ಆಮೇಲೆ ಹಿಂಚಕ್ರವನ್ನು ಒಂದು ಗೇಣು ಎತ್ತಿ ಧಪ್ಪನೆ ಬಿಡಿ. ಏನಾದರೂ ಗಲಗಲ ಎಂದರೆ ಅದನ್ನು ಹುಡುಕಿ ಬಟ್ಟೆ ಸುತ್ತಿ. ಸದ್ದಿಲ್ಲದ ಸೈಕಲ್ಲಿನಲ್ಲಿ ಸಾಮಾನು ಬೀಳುವುದಿಲ್ಲ. ಇಷ್ಟಾದರೂ ಐದು ಕಿಲೋಮೀಟರಿಗೆ ಒಮ್ಮೆ ಇಳಿದು ಪಟ್ಟಿಗಳನ್ನು ಮತ್ತೆ ಜಗ್ಗಲೇಬೇಕು, ಏಕೆಂದರೆ ಮೆತ್ತನೆಯ ಸಾಮಾನು ದಾರಿಯಲ್ಲಿ ಕುಗ್ಗುತ್ತದೆ.

ಈಗ ಗಡಿಯಾರ. ಡಿಸೆಂಬರಿನಲ್ಲಿ ಬೆಂಗಳೂರಿನ ಸುತ್ತ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ, ಹುಟ್ಟುವುದು ಆರೂವರೆಯ ಹೊತ್ತಿಗೆ. ಐದಕ್ಕೆ ಜಾಗ ಮುಟ್ಟಿದರೆ ಒಂದು ಗಂಟೆ ಬೆಳಕು ಕೈಯಲ್ಲಿರುತ್ತದೆ. ಮೊದಲು ಬೇಕಾದದ್ದು ಟೆಂಟು. ಆದ್ದರಿಂದ ಅದು ಎಲ್ಲದರ ಮೇಲೆ, ಚೀಲದ ಹೊರಗೆ ಇರಬೇಕು. ಬಟ್ಟೆಯನ್ನೂ ಕೋಲುಗಳನ್ನೂ ಬೇರೆ ಮಾಡಿ, ಕೋಲುಗಳನ್ನು ಫ್ರೇಮಿನ ಉದ್ದಕ್ಕೆ ಕಟ್ಟಿದರೆ ಸುರುಳಿ ಅರ್ಧಕ್ಕೆ ಇಳಿಯುತ್ತದೆ. ಅದರ ಬೆನ್ನಿಗೇ ಹಣೆಗೆ ಕಟ್ಟುವ ಟಾರ್ಚು, ಸೊಳ್ಳೆ ಮುಲಾಮು. ಇವೆರಡೂ ಹೊರಜೇಬಿನಲ್ಲಿ, ಬೆಳಕಿದ್ದಾಗಲೇ ಕೈಗೆ ಸಿಗುವಂತಿರಲಿ. ಕತ್ತಲಾದ ಮೇಲೆ ಟಾರ್ಚನ್ನು ಹುಡುಕಲು ಟಾರ್ಚ್ ಬೇಕಾಗುತ್ತದೆ. ಆಮೇಲೆ ಬುತ್ತಿ. ಚೀಲದ ತಳಕ್ಕೆ ಮಲಗುವಾಗ ಬೇಕಾದದ್ದು: ಹೊದಿಕೆ, ಒಣ ಬನಿಯನ್, ಕಾಲುಚೀಲ, ಮಂಕಿ ಟೋಪಿ. ಬೆವರಿನ ಬಟ್ಟೆಯಲ್ಲೇ ಮಲಗಿದರೆ ಎಷ್ಟು ಹೊದ್ದರೂ ನಡುಕ ನಿಲ್ಲದು. ಬಟ್ಟೆಯ ಬಗ್ಗೆ ಇಷ್ಟು ಸಾಕು; ಮರುದಿನದ ಸವಾರಿಗೆ ನಿನ್ನೆಯದ್ದೇ ಬಟ್ಟೆ ನಡೆಯುತ್ತದೆ, ನೋಡುವವರು ಯಾರು?

ಹಾಸುವುದರ ಮೇಲೆ ಮಾತ್ರ ಜುಗ್ಗತನ ಬೇಡ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ರಾತ್ರಿ 15 ಡಿಗ್ರಿಯ ಹತ್ತಿರ ಇಳಿಯುತ್ತದೆ. ಅದೇನು ಚಳಿ ಎಂದು ಒಂದು ಒಳ್ಳೆ ಕಂಬಳಿ ಹಿಡಿದು ಹೊರಡುವವರಿಗೆ ರಾತ್ರಿ ಎರಡರ ಹೊತ್ತಿಗೆ ಎಚ್ಚರವಾಗುತ್ತದೆ. ಚಳಿ ಮೇಲಿನಿಂದ ಬರುತ್ತಿರುವುದಿಲ್ಲ. ಮೈಯ ಬಿಸಿಯನ್ನು ನೆಲ ಹೀರುತ್ತಿರುತ್ತದೆ. ಹೊದಿಕೆಯೊಳಗಿನ ಬಿಸುಪು ಎನ್ನುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಮೈಕೆಳಗೆ ಅದು ಅಪ್ಪಚ್ಚಿಯಾದಾಗ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. ಹಾಗಾಗಿ ಒಂದು ಸೆಂಟಿಮೀಟರ್ ದಪ್ಪದ ಫೋಮ್ ಚಾಪೆ ಎರಡನೇ ಕಂಬಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಗಾಳಿ ತುಂಬುವ ಚಾಪೆ ಸುಖವೇನೋ ಸುಖ, ಆದರೆ ನಮ್ಮ ಬಯಲಿನಲ್ಲಿ ಜಾಲಿಮುಳ್ಳು ಇಲ್ಲದ ಗೇಣು ಜಾಗ ತೋರಿಸಿ.

ಜಾಗದ ಮಾತು ಬಂತು. ಅಭಯಾರಣ್ಯ, ಮೀಸಲು ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಟೆಂಟ್ ಹಾಕುವುದು ಕಾನೂನಿಗೆ ವಿರುದ್ಧ; ಕನಕಪುರ, ಬನ್ನೇರುಘಟ್ಟದ ಕಡೆ ಆನೆ ಓಡಾಡುವ ಜಾಗದಲ್ಲಿ ಅದು ಮೂರ್ಖತನವೂ ಹೌದು. ಕೇಳಿಕೊಂಡು ಉಳಿಯಬಹುದಾದ ತೋಟವೇ ಉತ್ತಮ. ಹಿಂದಿನ ದಿನ ಫೋನು ಮಾಡಿ ‘ಅಣ್ಣಾ, ಒಂದು ರಾತ್ರಿ ಟೆಂಟ್ ಹಾಕ್ಕೋತೀವಿ, ಬೆಂಕಿ ಹಾಕಲ್ಲ’ ಎಂದರೆ ಬೇಡ ಎನ್ನುವವರು ಕಡಿಮೆ. ಜಾಗ ಗೊತ್ತಾದರೆ ಚೀಲವೂ ಹಗುರಾಗುತ್ತದೆ. ಕೊಳವೆಬಾವಿ ಇದೆಯೆಂದರೆ ನೀರು ಹೊರುವುದು ಬೇಡ. ಒಂದು ಲೀಟರ್ ಅಂದರೆ ಒಂದು ಕೆ.ಜಿ., ರಾತ್ರಿ–ಬೆಳಿಗ್ಗೆಗೆ ಮೂರ್ನಾಲ್ಕು ಲೀಟರ್ ಹೊರಬೇಕಾಗಿ ಬಂದರೆ ಅದು ಟೆಂಟಿಗಿಂತ ಭಾರ.

ತೋಟದಲ್ಲೂ ನೋಡಿಕೊಳ್ಳಬೇಕಾದದ್ದು ಎರಡಿದೆ. ತೆಂಗಿನ ಮರದಡಿ ನೆಲ ಸಮವಾಗಿ, ನೆರಳಾಗಿ, ಟೆಂಟಿಗೆಂದೇ ಮಾಡಿದಂತಿರುತ್ತದೆ. ತಲೆಯೆತ್ತಿ ಗೊನೆ ನೋಡಿದರೆ ಮನಸ್ಸು ಬದಲಾಗುತ್ತದೆ. ಒಣಗಿದ ಕಾಯಿ, ಗರಿ ರಾತ್ರಿ ಬೀಳಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಇನ್ನೊಂದು, ಕಾಲುವೆಯ ಪಕ್ಕದ ಮೆತ್ತನೆಯ ತಗ್ಗು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಊರುಗಳಲ್ಲಿ ರಾತ್ರಿ ಬರುತ್ತದೆ. ಕರೆಂಟ್ ಬಂದ ಕೂಡಲೇ ಆಟೋ ಸ್ಟಾರ್ಟರ್ ‘ಟಕ್’ ಎಂದು ಮೋಟರ್ ಚಾಲೂ ಮಾಡುತ್ತದೆ. ತೋಟದವರು ಮನೆಯಲ್ಲಿ ಹಾಯಾಗಿ ಮಲಗಿರುತ್ತಾರೆ, ನೀರು ತನ್ನ ದಾರಿಯಲ್ಲಿ ನಿಮ್ಮ ಟೆಂಟಿನೊಳಗೆ ಹಾದು ಬಾಳೆಯ ಪಾತಿಗೆ ಹೋಗುತ್ತದೆ. ಮಾವಿನ ತೋಪಿನ ಅಂಚು, ದಿಬ್ಬದ ಮೇಲಿನ ಗಟ್ಟಿ ನೆಲ ಸರಿಯಾದ ಜಾಗ. ಬೂಟನ್ನು ಹೊರಗೆ ಬಿಡಬೇಡಿ, ಬೆಳಿಗ್ಗೆ ಕೊಡವದೆ ಹಾಕಿಕೊಳ್ಳಬೇಡಿ; ಚೇಳಿಗೂ ಬೆಚ್ಚನೆಯ ಮೂಲೆ ಬೇಕು.

ಮನೆಯಲ್ಲಿ ಬಿಡಬಾರದ ಚೀಲವೆಂದರೆ ರಿಪೇರಿಯದ್ದು. ಬದಲಿ ಟ್ಯೂಬು, ಟೈರ್ ಬಿಚ್ಚುವ ಲಿವರ್, ಪ್ಯಾಚು, ಸಲ್ಯೂಷನ್, ಎಲನ್ ಕೀ, ಪುಟ್ಟ ಪಂಪು. ಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇರುವುದಿಲ್ಲವೇ ಎಂದರೆ ಇರುತ್ತದೆ. ಆದರೆ ಅಲ್ಲಿರುವುದು ಬೈಕು, ಟ್ರ್ಯಾಕ್ಟರುಗಳ ಸರಂಜಾಮು. ನಿಮ್ಮ ಸೈಕಲ್ಲಿನ ಟ್ಯೂಬಿಗೆ ಕಡ್ಡಿಯಂತೆ ಸಣ್ಣಗೆ ಉದ್ದನೆಯ ಪ್ರೆಸ್ಟಾ ವಾಲ್ವ್ ಇದ್ದರೆ ಆ ಕಂಪ್ರೆಸರಿನ ಬಾಯಿ ಅದನ್ನು ಹಿಡಿಯುವುದೇ ಇಲ್ಲ. ಇದಕ್ಕೊಂದು ಹಿತ್ತಾಳೆಯ ಟೋಪಿ ಸಿಗುತ್ತದೆ, ಕಡಲೆಕಾಳಿನಷ್ಟು ದೊಡ್ಡದು. ವಾಲ್ವಿನ ತುದಿಯ ತಿರುಪು ಸಡಿಲಿಸಿ ಈ ಟೋಪಿ ಕೂರಿಸಿದರೆ ಅದು ಬೈಕಿನ ವಾಲ್ವಿನಂತಾಗಿ, ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಿಕೊಳ್ಳಬಹುದು. ಬಂಕಿನ ಗಾಳಿ ಬೇಗ ಏರುತ್ತದೆ, ಸೈಕಲ್ ಟ್ಯೂಬು ಅದರ ರಭಸಕ್ಕೆ ಒಡೆಯಬಹುದು. ಸ್ವಲ್ಪ ಸ್ವಲ್ಪವೇ ಬಿಡಲು ಹೇಳಿ. ಹಿಂದಿನ ಕೆಂಪು ದೀಪವನ್ನು ಟೂಲಿನ ಜತೆ ಚೀಲದಲ್ಲಿಡಬೇಡಿ, ಸೈಕಲ್ಲಿಗೇ ಸಿಕ್ಕಿಸಿರಲಿ. ಕ್ಯಾರಿಯರಿನ ಸುರುಳಿ ಅದನ್ನು ಮರೆಮಾಡಿದೆಯೇ ಎಂದು ಹಿಂದೆ ನಿಂತು ನೋಡಿ. ಮುಚ್ಚಿದ ದೀಪ ಲಾರಿಯವರಿಗೆ ಕಾಣದು.

ಬೆಳಿಗ್ಗೆ ಎದ್ದಾಗ ಟೆಂಟಿನ ಒಳಗೋಡೆ ಒದ್ದೆಯಾಗಿರುತ್ತದೆ. ತೂತಾಗಿದೆ ಎಂದು ಅಂಗಡಿಯವನಿಗೆ ಬೈಯಬೇಡಿ. ರಾತ್ರಿಯಿಡೀ ಉಸಿರು, ಚರ್ಮದಿಂದ ನಾವು ಹೊರಬಿಡುವ ನೀರು ಒಂದು ಲೋಟದಷ್ಟಾಗುತ್ತದೆ. ತಣ್ಣಗಾದ ಬಟ್ಟೆಗೆ ಅದು ಹನಿಗಟ್ಟುತ್ತದೆ, ಹೊರಗಿನಿಂದ ಇಬ್ಬನಿಯೂ ಸೇರುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದವರಿಗೆ ಇದು ದುಪ್ಪಟ್ಟು. ಬಿಸಿಲೇರುವವರೆಗೆ ಕಾಯಲು ಹೊತ್ತಿಲ್ಲದಿದ್ದರೆ ಒಂದು ಪಂಚೆಯಿಂದ ಒರೆಸಿ, ಒದ್ದೆ ಟೆಂಟನ್ನು ಮಾತ್ರ ಬೇರೆ ಕವರಿನಲ್ಲಿ, ಹೊದಿಕೆಗೆ ತಾಗದಂತೆ ಕಟ್ಟಿ. ವಾಪಸು ಬರುವಾಗ ಚೀಲದ ಕ್ರಮ ತಲೆಕೆಳಗಾದರೂ ಪರವಾಗಿಲ್ಲ, ಒಣಗಿದ್ದು ಒದ್ದೆಯಾದದ್ದು ಬೆರೆಯದಿದ್ದರೆ ಸಾಕು.

ಮನೆಗೆ ಬಂದವರು ಸ್ನಾನ ಮಾಡಿ ಮಲಗಿಬಿಡುತ್ತಾರೆ, ಟೆಂಟು ಸುರುಳಿಯಲ್ಲೇ ಒಂದು ವಾರ ಕೂತು ಬೂಷ್ಟು ಹಿಡಿಯುತ್ತದೆ. ಆ ಕಪ್ಪು ಚುಕ್ಕೆ ಮತ್ತೆ ಹೋಗುವುದಿಲ್ಲ, ಬಟ್ಟೆಯ ಮೇಲಿನ ನೀರು ತಡೆಯುವ ಲೇಪವೂ ಕಿತ್ತು ಬರತೊಡಗುತ್ತದೆ. ತಾರಸಿಯ ಹಗ್ಗದ ಮೇಲೆ ನೆರಳಿರುವ ಕಡೆ ಹರವಿದರೆ ಒಂದೆರಡು ತಾಸಿನಲ್ಲಿ ಒಣಗುತ್ತದೆ. ಅದು ಒಣಗುವಷ್ಟರಲ್ಲಿ ಎರಡೂ ಟೈರುಗಳನ್ನು ನಿಧಾನಕ್ಕೆ ತಿರುಗಿಸುತ್ತ ಗಮನವಿಟ್ಟು ನೋಡಿ. ತೋಟದ ದಾರಿಯಲ್ಲಿ ಚುಚ್ಚಿಕೊಂಡು ಅರ್ಧಕ್ಕೆ ಮುರಿದ ಜಾಲಿಮುಳ್ಳು ರಬ್ಬರಿನಲ್ಲೇ ಇರುತ್ತದೆ. ಈಗ ಚಿಮಟದಿಂದ ಕೀಳದಿದ್ದರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟಾಗ ಅದು ಟ್ಯೂಬು ಮುಟ್ಟಿರುತ್ತದೆ.